ಮಾಲ್‌ನ ಮಾಡು ಕುಸಿದ ಮೇಲೆ: ಡುಲೂತ್‌ನಲ್ಲಿ ಒಂದು ಕುಟುಂಬದ ಎರಡು ಚಳಿಗಾಲ

ನಾನು ಹತ್ತಿರದಿಂದ ಕಂಡ ಒಂದು ಮನೆಯ ಪ್ರಕರಣವಿದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಗುರುತು ಸಿಗಬಹುದಾದ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಊರನ್ನು ಮಾತ್ರ ಬದಲಿಸಿಲ್ಲ. ಊರನ್ನು ತೆಗೆದರೆ ಇಲ್ಲಿ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ಪಶ್ಚಿಮ ತುದಿಯಲ್ಲಿ ಇರುವ ಊರು ಡುಲೂತ್. 2020ರ ಜನಗಣತಿಯಲ್ಲಿ ಜನಸಂಖ್ಯೆ 86,697. ಉದ್ದಕ್ಕೆ ಸುಮಾರು 40 ಕಿಲೋಮೀಟರ್ ಚಾಚಿಕೊಂಡಿದ್ದರೂ ಅಗಲ ಕಡಿಮೆ. ಕೆಳಗೆ ನೀರು, ಮೇಲೆ ಗುಡ್ಡ, ನಡುವಿನ ಇಳಿಜಾರಿನಲ್ಲಿ ಮನೆಗಳು. ಸರೋವರದ ದಂಡೆಯಿಂದ ಗುಡ್ಡದ ನೆತ್ತಿಯಲ್ಲಿರುವ ವಿಮಾನ ನಿಲ್ದಾಣಕ್ಕೆ ಸುಮಾರು 250 ಮೀಟರ್ ಏರು. ಇದೇ ಏರಿನಿಂದಾಗಿ ಊರಿಗೆ ಎರಡು ಹವೆ. ಮೇ ತಿಂಗಳಲ್ಲಿ ಗುಡ್ಡದ ಮೇಲೆ ಅಂಗಿ ತೋಳು ಮಡಿಸಿ ಓಡಾಡುವವರು ಹತ್ತು ನಿಮಿಷದಲ್ಲಿ ದಂಡೆಗಿಳಿದರೆ ಸ್ವೆಟರ್ ಹುಡುಕಬೇಕು. ನಾನು ಇಲ್ಲಿಗೆ ಬಂದದ್ದು 2009ರಲ್ಲಿ. ವಿಶ್ವವಿದ್ಯಾಲಯಕ್ಕೋ ಆಸ್ಪತ್ರೆಗೋ ಕಂಪನಿಗೋ ಹೊಸದಾಗಿ ಬರುವ ಕನ್ನಡದವರು ಹೇಗೋ ನನ್ನ ಫೋನ್ ನಂಬರ್ ಪತ್ತೆ ಮಾಡುತ್ತಾರೆ. ಮನೆ ಎಲ್ಲಿ, ತೆಂಗಿನಕಾಯಿ ಎಲ್ಲಿ, ಚಳಿಗೆ ಏನು ಕೊಳ್ಳಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸುವುದು ನನ್ನ ಪುಕ್ಕಟೆ ಉದ್ಯೋಗ.

ಹಿನ್ನೆಲೆ

2022ರ ಆಗಸ್ಟ್‌ನಲ್ಲಿ ಬಂದ ಈ ಕುಟುಂಬದಲ್ಲಿ ಗಂಡ, ಹೆಂಡತಿ, ಏಳು ವರ್ಷದ ಮಗ. ಗಂಡನ ತಾಯಿ ಸಂದರ್ಶಕ ವೀಸಾದಲ್ಲಿ ಅಕ್ಟೋಬರ್‌ನಲ್ಲಿ ಬಂದು ಸೇರಿಕೊಂಡರು. ಇಲ್ಲಿ ಅವರನ್ನು ಅಜ್ಜಿ ಎಂದೇ ಕರೆಯುತ್ತೇನೆ. ಅರವತ್ತಾರರ ಪ್ರಾಯ, ಆಗುಂಬೆಯ ಮಳೆ ಬೀಳುವ ಸೀಮೆಯವರು. ಊರಿನಲ್ಲಿ ಅಡಿಕೆ ತೋಟ ಇದೆ.

ಇವರು ಟೆಕ್ಸಾಸ್‌ನಿಂದ ಬಂದವರು. 2021ರ ಫೆಬ್ರುವರಿಯಲ್ಲಿ ಅಲ್ಲಿ ಹಿಮಗಾಳಿ ಬೀಸಿ ವಿದ್ಯುತ್ ಜಾಲವೇ ಕೈಕೊಟ್ಟಾಗ ಎರಡು ದಿನ ಮನೆಯೊಳಗೆ ಕೋಟು ಹಾಕಿಕೊಂಡು ಕುಳಿತಿದ್ದರು. ಮುಂದಿನ ಬೇಸಿಗೆಯ ಸೆಕೆ ಸಾಕುಸಾಕಾಗಿಸಿತ್ತು. ಅಷ್ಟರಲ್ಲಿ ಗಂಡನ ಕಣ್ಣಿಗೆ ಬಿದ್ದದ್ದು ‘ಹವಾಮಾನ ಆಶ್ರಯ’ದ ಸುದ್ದಿ. ಆಗ ಹಾರ್ವರ್ಡ್‌ನಲ್ಲಿದ್ದ ಜೆಸ್ಸಿ ಕೀನನ್ ಎಂಬ ಸಂಶೋಧಕ, ಬಿಸಿಯಾಗುತ್ತಿರುವ ಜಗತ್ತಿನಲ್ಲಿ ಜನ ವಲಸೆ ಬರಬಹುದಾದ ಊರೆಂದು ಡುಲೂತ್ ಅನ್ನು ಎತ್ತಿ ತೋರಿಸಿದ್ದು 2019ರಲ್ಲಿ. ಕಾರಣಗಳೂ ಸುಳ್ಳಲ್ಲ: ತಂಪು ಹವೆ, ಮೇಲ್ಮೈಯಲ್ಲಿ 82,000 ಚದರ ಕಿಲೋಮೀಟರ್ ಹರಡಿರುವ ಸಿಹಿನೀರು, ಚಂಡಮಾರುತ ತಲುಪದಷ್ಟು ಒಳನಾಡು. 1960ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದು, ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಬರಿದಾಗುತ್ತಾ ಬಂದ ಊರಿಗೆ ಈ ಮಾತು ಸಿಹಿಯಾಗಿಯೇ ಕೇಳಿಸಿತು. ಊರು ಬಿಡುವ ಕೊನೆಯವರು ದೀಪ ಆರಿಸಿ ಹೋಗಿ ಎಂದು ಹಿಂದೊಮ್ಮೆ ಹೆದ್ದಾರಿ ಬದಿಯಲ್ಲಿ ಫಲಕ ಹಾಕಿದ್ದ ಊರಿದು.

ಕೆಲಸ ಸಿಕ್ಕಿತು, ಬಂದರು. ಮನೆ ಹುಡುಕಿಕೊಟ್ಟದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಈ ಪ್ರಕರಣದ ಮೊದಲ ತಪ್ಪು ನನ್ನದು. ಬಾಡಿಗೆ ಮನೆಗಳಿಗೆ ಇಲ್ಲಿ ಬರಗಾಲ. ಸಿಕ್ಕ ಎರಡರಲ್ಲಿ ಒಂದು ಗುಡ್ಡದ ಇಳಿಜಾರಿನಲ್ಲಿ ಇತ್ತು. ಹಾಲ್‌ನಲ್ಲಿ ನಿಂತರೆ ಸರೋವರ, ಹಡಗು ಬಂದಾಗ ಮೇಲಕ್ಕೇರುವ ಸೇತುವೆ, ಅದರ ಕೆಳಗೆ ನುಸುಳುವ ಅದಿರಿನ ಹಡಗು, ಎಲ್ಲವೂ ಕಣ್ಣ ಮುಂದೆ. ಇನ್ನೊಂದು ಪೂರ್ವದ ಕಡೆಯ ಸಮತಟ್ಟು ಬಡಾವಣೆಯಲ್ಲಿ, ಕಿಟಕಿಯಾಚೆ ಪಕ್ಕದ ಮನೆಯ ಗ್ಯಾರೇಜ್. ‘ನೋಟ ಇರುವ ಮನೆ ಬಿಡಬೇಡಿ’ ಎಂದೆ. ಆಗಸ್ಟ್‌ನಲ್ಲಿ ಬಂದವರು ಯಾರೇ ಆದರೂ ಅದನ್ನೇ ಆರಿಸುತ್ತಾರೆ. ಬೀದಿಯಿಂದ ಬಾಗಿಲಿಗೆ ಇಪ್ಪತ್ತೆರಡು ಮೆಟ್ಟಿಲು, ಬೀದಿಯೇ ಒಂದು ಜಾರುಬಂಡೆ ಎಂಬುದು ಅಂದು ಯಾರ ಲೆಕ್ಕಕ್ಕೂ ಬರಲಿಲ್ಲ.

ಮೊದಲ ಚಳಿಗಾಲ

ಅವರ ಅದೃಷ್ಟವೋ ದುರದೃಷ್ಟವೋ, 2022-23 ಡುಲೂತ್‌ನ ದಾಖಲೆಯಲ್ಲೇ ಅತಿ ಹೆಚ್ಚು ಹಿಮ ಬಿದ್ದ ವರ್ಷವಾಯಿತು. ಸಾಮಾನ್ಯವಾಗಿ ಒಂದು ಋತುವಿನಲ್ಲಿ 90 ಇಂಚಿನ ಆಸುಪಾಸು ಬೀಳುತ್ತದೆ. ಆ ವರ್ಷ 140.1 ಇಂಚು, ಅಂದರೆ ಮೂರೂವರೆ ಮೀಟರ್‌ಗೂ ಹೆಚ್ಚು. ಡಿಸೆಂಬರ್ ನಡುವಿನಲ್ಲಿ ಬಿದ್ದದ್ದು ಒದ್ದೆ, ಭಾರದ ಹಿಮ. ಮರದ ಕೊಂಬೆಗಳು ವಿದ್ಯುತ್ ತಂತಿಗಳ ಮೇಲೆ ಮುರಿದು ಬಿದ್ದು ಸುತ್ತಲಿನ ಸಾವಿರಾರು ಮನೆಗಳಿಗೆ ಕತ್ತಲು. ಟೆಕ್ಸಾಸ್ ಬಿಟ್ಟು ಬಂದದ್ದು ಇದಕ್ಕಾಗಿಯೇ ಎಂದು ಹೆಂಡತಿ ಕೇಳಿದಾಗ ಗಂಡನ ಬಳಿ ಉತ್ತರವಿರಲಿಲ್ಲ.

ಆದರೆ ಚಳಿಯೇ ಇವರ ತೊಂದರೆ ಆಗಿರಲಿಲ್ಲ. ಇದು ಗೊತ್ತಾಗಲು ನನಗೆ ಮೂರು ತಿಂಗಳು ಬೇಕಾಯಿತು. ಮನೆಯೊಳಗೆ ಇಪ್ಪತ್ತೊಂದು ಡಿಗ್ರಿ, ಗಂಡ ಹೆಂಡತಿ ಕಾರಿನಲ್ಲಿ ಹೋಗಿ ಕಾರಿನಲ್ಲಿ ಬರುವವರು. ಚಳಿ ತಾಗುವುದು ದಿನಕ್ಕೆ ಹತ್ತು ನಿಮಿಷ. ತೊಂದರೆ ಇದ್ದದ್ದು ಬಾಗಿಲಿನಿಂದ ಬೀದಿಯವರೆಗಿನ ಆ ಇಪ್ಪತ್ತೆರಡು ಮೆಟ್ಟಿಲಿನಲ್ಲಿ. ಹಿಮ ಬಿದ್ದಾಗಲೆಲ್ಲ ಗುದ್ದಲಿ ಹಿಡಿದು ಅದನ್ನು ತೆರವು ಮಾಡಬೇಕು, ಮನೆ ಮುಂದಿನ ಕಾಲುದಾರಿಯೂ ಮನೆಯವರದೇ ಹೊಣೆ. ಬೆಳಗ್ಗೆ ತೆಗೆದದ್ದು ಮಧ್ಯಾಹ್ನದ ಬಿಸಿಲಿಗೆ ಕರಗಿ, ಸಂಜೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಉಪ್ಪು ಚೆಲ್ಲಿದರೆ ಮೈನಸ್ ಹತ್ತರ ಕೆಳಗೆ ಅದು ಹೆಚ್ಚು ಕೆಲಸ ಮಾಡದು, ಮರಳು ಹಾಕಬೇಕು. ಇದರ ಮೇಲೆ ಬೀದಿಯಲ್ಲಿ ಕಾರು ನಿಲ್ಲಿಸುವ ಬದಿ ವಾರಕ್ಕೊಮ್ಮೆ ಬದಲಾಗುತ್ತದೆ, ಭಾನುವಾರ ಸಂಜೆ ಊರಿಗೆ ಊರೇ ಕಾರು ಆಚೆಯಿಂದ ಈಚೆಗೆ ತರುತ್ತದೆ. ಗಂಡನಿಗೆ ಹೊರಗೆ ಹೋಗುವುದೆಂದರೆ ಇಷ್ಟೇ ಆಗಿತ್ತು: ಗುದ್ದಲಿ, ಮರಳು, ಕಾರು.

ಅಜ್ಜಿಯಂತೂ ನವೆಂಬರ್ ಮಧ್ಯದಲ್ಲಿ ಒಮ್ಮೆ ಮೂರನೆಯ ಮೆಟ್ಟಿಲಲ್ಲಿ ಜಾರಿ ಕುಳಿತವರು ಮತ್ತೆ ಹೊರಗೆ ಕಾಲಿಡಲಿಲ್ಲ. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು ಎಂಟಕ್ಕೆ ಹತ್ತಿರ, ಮುಳುಗುವುದು ನಾಲ್ಕೂವರೆಯೊಳಗೆ. ಐದಕ್ಕೆ ಎದ್ದು ಅಭ್ಯಾಸವಿದ್ದ ಅವರು ಮೂರು ಗಂಟೆ ಕತ್ತಲಲ್ಲಿ ಕುಳಿತು ಬೆಳಕಿಗೆ ಕಾಯುತ್ತಿದ್ದರು. ಆಮೇಲೆ ಹಗಲು ತೂಕಡಿಕೆ, ರಾತ್ರಿ ಎಚ್ಚರ. ಹೀಟರ್‌ನ ಒಣಗಾಳಿಗೆ ಮೂಗಿನಲ್ಲಿ ರಕ್ತ. ಕಿಟಕಿ ಪಕ್ಕ ಇಟ್ಟ ಕೊಬ್ಬರಿ ಎಣ್ಣೆಯ ಸೀಸೆ ಬಿಳಿಯ ಕಲ್ಲು. ‘ನೋಡಲು ಎಷ್ಟು ಚೆಂದ ಇದೆ ಮಾರಾಯ್ತಿ, ಆದರೆ ಇದು ಕ್ಯಾಲೆಂಡರ್ ನೋಡಿಕೊಂಡು ಕೂತ ಹಾಗೆ’ ಎಂದರು ಒಮ್ಮೆ ಸರೋವರದ ಕಡೆ ಕೈ ತೋರಿಸಿ. ನಾನೇ ಹೊಗಳಿದ್ದ ನೋಟ ಅದು. ಮಗು ಶಾಲೆಯಿಂದ ಬಂದದ್ದೇ ಟ್ಯಾಬ್ಲೆಟ್ ಹಿಡಿದು ಅಜ್ಜಿಯ ಪಕ್ಕ ಸೋಫಾದಲ್ಲಿ.

ಮಾಡಿ ನೋಡಿದ್ದು

ಮೊದಲು ಹಣದಿಂದ ಮಾಡಬಹುದಾದದ್ದನ್ನೆಲ್ಲ ಮಾಡಿದರು. ನಾಲ್ವರಿಗೂ ದುಬಾರಿ ಜಾಕೆಟ್. ಆದರೆ ಒಳಗೆ ಹತ್ತಿಯ ಬನಿಯನ್, ಹತ್ತಿಯ ಕಾಲುಚೀಲ, ಜೀನ್ಸ್. ಹತ್ತಿ ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆಯಾದ ಬಟ್ಟೆ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಸೆಕೆಯ ನಾಡಿನಲ್ಲಿ ನಮಗೆ ವರವಾದ ಗುಣವೇ ಇಲ್ಲಿ ಶಾಪ. ಜಾಕೆಟ್‌ಗೆ ಕೊಟ್ಟ ದುಡ್ಡಿನ ಕಾಲುಭಾಗದಲ್ಲಿ ಉಣ್ಣೆಯ ಒಳಉಡುಪು, ಉಣ್ಣೆಯ ಕಾಲುಚೀಲ ಬರುತ್ತಿದ್ದವು.

ಎರಡನೆಯದು ಮನೆಯೊಳಗಿನ ಏರ್ಪಾಡು. ನೆಲಮಾಳಿಗೆಗೆ ಟ್ರೆಡ್‌ಮಿಲ್ ಬಂತು, ಹಗಲ ಬೆಳಕಿನ ಕೊರತೆ ತುಂಬಲು ಬೆಳಗಿನ ಹೊತ್ತು ಎದುರಿಗಿಟ್ಟುಕೊಳ್ಳುವ ಹತ್ತು ಸಾವಿರ ಲಕ್ಸ್‌ನ ಪ್ರಖರ ದೀಪ ಬಂತು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಡಿ ವಿಟಮಿನ್ ಕೊಟ್ಟರು. ದೀಪದಿಂದ ನಿದ್ದೆ ಸ್ವಲ್ಪ ಸುಧಾರಿಸಿತು ಎಂಬುದು ನಿಜ. ಟ್ರೆಡ್‌ಮಿಲ್ ಮೇಲೆ ಅಜ್ಜಿ ಎರಡು ಸಲ ನಿಂತರು, ಮೂರನೆಯ ಸಲ ಅದರ ಮೇಲೆ ಒಗೆದ ಬಟ್ಟೆ ಹರವಿದ್ದರು.

ಮೂರನೆಯ ಪ್ರಯತ್ನ ಜನವರಿಯಲ್ಲಿ. ‘ಈ ಊರಿಗೆ ಬಂದು ಸ್ಕೀಯಿಂಗ್ ಮಾಡದಿದ್ದರೆ ಹೇಗೆ’ ಎಂದು ಗಂಡ ಒಂದು ಶನಿವಾರ ಎಲ್ಲರನ್ನೂ ಕಟ್ಟಿಕೊಂಡು ಸ್ಕೀ ಗುಡ್ಡಕ್ಕೆ ಹೋದರು. ಬಾಡಿಗೆ ಸಲಕರಣೆ, ಟಿಕೆಟ್, ಊಟ, ಒಟ್ಟು ಖರ್ಚು ಒಂದು ವಾರದ ದಿನಸಿಗಿಂತ ಹೆಚ್ಚು. ಎರಡನೆಯ ಇಳಿತದಲ್ಲೇ ಅವರ ಮೊಣಕಾಲು ಉಳುಕಿತು. ಅಜ್ಜಿ ಕೆಫೆಯಲ್ಲಿ ನಾಲ್ಕು ಗಂಟೆ ಕುಳಿತಿದ್ದರು. ಮಗುವಿಗೆ ಮಾತ್ರ ಖುಷಿಯಾಗಿತ್ತು, ಆದರೆ ಮತ್ತೆ ಹೋಗೋಣ ಎನ್ನಲು ಅಪ್ಪನ ಮುಖ ನೋಡಿ ಧೈರ್ಯ ಬರಲಿಲ್ಲ.

ನಾಲ್ಕನೆಯದು ಮಾಲ್. ಸೊಸೆಗೆ ಹೊಳೆದ ಉಪಾಯವಿದು, ನಾಲ್ಕರಲ್ಲಿ ಇದೊಂದೇ ಕೆಲಸ ಮಾಡಿತು. ಗುಡ್ಡದ ಮೇಲಿನ ದೊಡ್ಡ ಮಾಲ್‌ನಲ್ಲಿ ಊರಿನ ವೃದ್ಧರು ಬೆಳಗ್ಗೆ ಸುತ್ತು ಹೊಡೆಯುತ್ತಾರೆ. ಸೊಸೆ ಕೆಲಸಕ್ಕೆ ಹೋಗುವಾಗ ಬಿಟ್ಟು ಹೋಗುವುದು, ನಾನು ಹನ್ನೊಂದಕ್ಕೆ ಕರೆತರುವುದು ಎಂದಾಯಿತು. ಅಜ್ಜಿಗೆ ಮೂವರು ಗೆಳತಿಯರೂ ಸಿಕ್ಕರು. ಅವರಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು, ನಾಲ್ವರಿಗೂ ಮಂಡಿನೋವು ಇತ್ತು. ಫೆಬ್ರುವರಿಯ ಹೊತ್ತಿಗೆ ನಿದ್ದೆ ಸರಿಹೋಯಿತು. ಕಥೆ ಇಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ.

ಮಾಡು ಕುಸಿದ ದಿನ

2023ರ ಮಾರ್ಚ್ 14ರಂದು, ವಾರಗಟ್ಟಲೆ ಸೇರಿಕೊಂಡ ಹಿಮದ ಭಾರಕ್ಕೆ ಆ ಮಾಲ್‌ನ ಮಾಡಿನ ಒಂದು ಭಾಗ ಕುಸಿಯಿತು. ಯಾರಿಗೂ ಗಾಯವಾಗಲಿಲ್ಲ. ಮಾಲ್ ಮುಚ್ಚಿತು. ಮತ್ತೆ ತೆರೆದ ಮೇಲೂ ಅಜ್ಜಿ ಅದರೊಳಗೆ ಹೋಗಲು ಒಪ್ಪಲಿಲ್ಲ. ‘ಹೊರಗೆ ಜಾರಿದರೆ ಸೊಂಟ ಹೋಗುತ್ತದೆ, ಒಳಗೆ ನಿಂತರೆ ತಲೆ ಹೋಗುತ್ತದೆ’ ಎಂಬುದು ಅವರ ತರ್ಕ. ಸರಿಯಾಗಿಯೇ ಇತ್ತು.

ಆ ವಾರ ನಾನು ಅವರನ್ನು ಕೂರಿಸಿಕೊಂಡು ಕೇಳಿದೆ: ‘ಅಮ್ಮಾ, ಊರಲ್ಲಿ ಮಳೆಗಾಲ ನಾಲ್ಕು ತಿಂಗಳು. ಆಗ ಏನು ಮಾಡುತ್ತಿದ್ದಿರಿ?’

‘ಏನು ಮಾಡುವುದು? ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದೆವು. ಕೊಟ್ಟಿಗೆಗೆ ಹೋಗಬೇಕು, ತೋಟದಲ್ಲಿ ನೀರು ನಿಂತಿದೆಯೋ ನೋಡಬೇಕು, ಅಡಿಕೆಗೆ ಕೊಳೆ ರೋಗ ಬಂದಿದೆಯೋ ನೋಡಬೇಕು. ಮಳೆ ಎಂದು ದನ ಹಾಲು ಕೊಡುವುದನ್ನು ಬಿಡುತ್ತದೆಯೇ?’

‘ಸುಮ್ಮನೆ ನಡೆಯಲು ಹೋಗುತ್ತಿದ್ದಿರಾ?’

ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ‘ಸುಮ್ಮನೆ ಯಾರು ನಡೆಯುತ್ತಾರೆ?’

ನಾವು ಐದು ತಿಂಗಳಿಂದ ಅವರಿಗೆ ಹೇಳುತ್ತಿದ್ದದ್ದು ಸುಮ್ಮನೆ ನಡೆಯಿರಿ ಎಂದೇ. ಟ್ರೆಡ್‌ಮಿಲ್ ಎಂದರೆ ಸುಮ್ಮನೆ ನಡೆಯುವುದರ ಪರಮಾವಧಿ. ಹೊರಾಂಗಣ ವಿಹಾರ ಎಂದು ಈ ಊರಿನವರು ಯಾವುದನ್ನು ಕರೆಯುತ್ತಾರೋ, ಸ್ಕೀಯಿಂಗ್, ಬೆಟ್ಟದ ಸೈಕಲ್, ಸುಪೀರಿಯರ್ ಹೈಕಿಂಗ್ ಟ್ರೇಲ್, ಅವೆಲ್ಲ ಇವರ ಕಣ್ಣಿಗೆ ಕೆಲಸವಿಲ್ಲದವರ ಕೆಲಸ. ಆದರೆ ಕೆಲಸ ಎಂಬ ಒಂದು ನೆಪ ಕೊಟ್ಟರೆ ನಮಗಿಂತ ಮೊದಲು ಬೂಟು ಹಾಕಿಕೊಳ್ಳುವವರು ಅವರೇ. ಮಾಲ್‌ಗೂ ಅವರು ನಡೆಯಲು ಹೋಗುತ್ತಿರಲಿಲ್ಲ, ಆ ಮೂವರು ಕಾಯುತ್ತಿರುತ್ತಾರೆ ಎಂದು ಹೋಗುತ್ತಿದ್ದರು.

ಮೊದಲ ಹೊರಸಂಚಾರದಲ್ಲಿ ನಾವು ಬೈಸಿಕೊಂಡೆವು. ಬೂಟಿನ ಕೆಳಗೆ ಎಳೆದು ಹಾಕಿಕೊಳ್ಳುವ, ಸಣ್ಣ ಉಕ್ಕಿನ ಮೊಳೆಗಳಿರುವ ರಬ್ಬರ್ ಕ್ಲೀಟ್ ಇಪ್ಪತ್ತು ಡಾಲರ್‌ಗೆ ತಂದು ಅಜ್ಜಿಗೆ ತೊಡಿಸಿದೆ. ಅವರು ಅದಕ್ಕೆ ‘ಮುಳ್ಳು’ ಎಂದು ಹೆಸರಿಟ್ಟರು. ಕಾಡಿನ ನಡುವೆ ಚೆನ್ನಾಗಿ ಹದ ಮಾಡಿದ ಅಗಲ ದಾರಿ ಕಂಡಿತು, ಹೆಜ್ಜೆ ಹಾಕಿದೆವು. ಐದು ನಿಮಿಷದಲ್ಲಿ ಸ್ಕೀ ಮಾಡುತ್ತಾ ಬಂದ ಒಬ್ಬ ಹಿರಿಯರು ನಿಂತು, ಬಹಳ ವಿನಯದಿಂದ, ಸ್ಕೀ ದಾರಿಯ ಮೇಲೆ ನಡೆಯಬಾರದು, ಹೆಜ್ಜೆ ಗುಂಡಿಗಳು ಹೆಪ್ಪುಗಟ್ಟಿದರೆ ಸ್ಕೀ ಮಾಡುವವರು ಬೀಳುತ್ತಾರೆ ಎಂದರು. ಹದಿನಾಲ್ಕು ವರ್ಷ ಇಲ್ಲಿದ್ದ ನನಗೆ ನಾಚಿಕೆಯಾಯಿತು. ಅಜ್ಜಿ ಮಾತ್ರ ಒಪ್ಪಿಬಿಟ್ಟರು: ‘ಹದ ಮಾಡಿದ ಗದ್ದೆಯಲ್ಲಿ ನಡೆದ ಹಾಗೆ ಆಯಿತು. ಬೈದದ್ದು ನ್ಯಾಯ.’ ಆ ಗದರಿಕೆಯಿಂದಲೇ ಅವರಿಗೆ ಈ ಹಿಮವೂ ಯಾರೋ ಬೆಳಗ್ಗೆ ಎದ್ದು ದುಡಿದು ಹದ ಮಾಡಿದ್ದು ಎಂದು ಅರಿವಾಗಿ ಗೌರವ ಬಂತು ಎಂದು ನನ್ನ ಊಹೆ. ಮುಂದೆ ಹಾರ್ಟ್ಲಿ ನಿಸರ್ಗ ಕೇಂದ್ರದ ನಡಿಗೆ ದಾರಿಗಳಿಗೆ ಹೋದೆವು. ಚೀಲದಲ್ಲಿ ಸೂರ್ಯಕಾಂತಿ ಬೀಜ. ಚಿಕಡೀ ಎಂಬ ಕರಿಟೋಪಿಯ ಪುಟ್ಟ ಹಕ್ಕಿ ಇಲ್ಲಿ ಚಳಿಗಾಲವಿಡೀ ಇರುತ್ತದೆ, ತಾಳ್ಮೆಯಿಂದ ನಿಂತರೆ ಅಂಗೈ ಮೇಲೆ ಬಂದು ಕೂರುತ್ತದೆ. ಹಕ್ಕಿಗೆ ಕಾಳು ಹಾಕಬೇಕು ಎಂಬುದು ಕೆಲಸವಾಯಿತು. ಏಪ್ರಿಲ್‌ನಲ್ಲಿ ಊರಿಗೆ ಹೊರಡುವವರೆಗೆ ಒಂದು ದಿನವೂ ತಪ್ಪಲಿಲ್ಲ.

ಮನೆ ಬದಲು

ಜುಲೈನಲ್ಲಿ ಬಾಡಿಗೆ ಕರಾರು ಮುಗಿಯುವುದಿತ್ತು. ಆಗ ಮನೆಯಲ್ಲಿ ನಡೆದ ವಾದವೇ ಈ ಪ್ರಕರಣದ ನಿಜವಾದ ತಿರುವು ಎಂದು ನನಗೆ ಅನ್ನಿಸುತ್ತದೆ. ಗಂಡನಿಗೆ ಟೆಕ್ಸಾಸ್‌ಗೆ ಮರಳುವ ಮನಸ್ಸು. ‘ಬೇಸಿಗೆ ಮೂರು ತಿಂಗಳಿಗಾಗಿ ಒಂಬತ್ತು ತಿಂಗಳು ಸಹಿಸಬೇಕೇ’ ಎಂಬುದು ಅವರ ಪ್ರಶ್ನೆ. ಹೆಂಡತಿ ಒಂದು ಹಾಳೆಯಲ್ಲಿ, ಕಳೆದ ಚಳಿಗಾಲದಲ್ಲಿ ಯಾರು ಯಾವ ದಿನ ಏಕೆ ಹೊರಗೆ ಹೋಗಲಿಲ್ಲ ಎಂದು ನೆನಪಿದ್ದಷ್ಟು ಬರೆದರು. ಚಳಿ ತಡೆಯದೆ ಹೋಗದ ದಿನಗಳು ಬೆರಳೆಣಿಕೆ. ಮೆಟ್ಟಿಲು, ಇಳಿಜಾರು, ಕಾರು ತೆಗೆಯುವ ರಗಳೆ, ಇವೇ ಉಳಿದ ದಿನಗಳ ಕಾರಣ. ಸರೋವರದ ನೋಟಕ್ಕೆ ತಿಂಗಳಿಗೆ ಮುನ್ನೂರು ಡಾಲರ್ ಹೆಚ್ಚು ಕೊಟ್ಟು ಕೊಂಡದ್ದು ಈ ಮೂರನ್ನೇ.

ಇನ್ನೊಂದು ವರ್ಷ, ಆದರೆ ಬೇರೆ ಮನೆಯಲ್ಲಿ, ಎಂದು ರಾಜಿಯಾಯಿತು. ಹುಡುಕುವಾಗ ಈ ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ಸೊಸೆ ಇಟ್ಟುಕೊಂಡ ನಿಯಮ ಎರಡು: ಬಾಗಿಲಿಗೆ ಮೂರಕ್ಕಿಂತ ಹೆಚ್ಚು ಮೆಟ್ಟಿಲು ಇರಕೂಡದು, ಶಾಲೆ ನಡೆಯುವ ದೂರದಲ್ಲಿ ಇರಬೇಕು. ಸಿಕ್ಕಿದ್ದು ಸಮತಟ್ಟು ಬಡಾವಣೆಯ ಹಳೆಯ ಸಣ್ಣ ಮನೆ. ಸರೋವರ ಕಾಣುವುದಿಲ್ಲ, ಹಡಗಿನ ಕೂಗು ಮಾತ್ರ ಕೇಳುತ್ತದೆ. ಶಾಲೆಗೆ ಎಂಟು ನಿಮಿಷ. ಸೆಪ್ಟೆಂಬರ್‌ನಲ್ಲಿ ಅಜ್ಜಿ ಮರಳಿ ಬರುವಾಗ ಅವರಿಗೆ ಒಂದು ಕೆಲಸ ಕಾದಿತ್ತು: ಮೊಮ್ಮಗನನ್ನು ಶಾಲೆಯಿಂದ ಕರೆತರುವುದು.

ಹೊಗೆ, ಗರುಡ, ಬರಿನೆಲ

ನಡುವೆ ಬಂದ ಬೇಸಿಗೆಯ ಮಾತನ್ನೂ ಹೇಳಬೇಕು. 2023ರಲ್ಲಿ ಕೆನಡಾದ ಕಾಡುಗಳು ಹಿಂದೆಂದೂ ಇಲ್ಲದಷ್ಟು ಉರಿದವು. ಹೊಗೆ ಗಡಿ ದಾಟಿ ನಮ್ಮ ಮೇಲೆ ಬಂತು. ಆಶ್ರಯದ ಊರೆಂದು ಬಂದವರು ಜೂನ್‌ನ ಒಳ್ಳೆಯ ದಿನಗಳಲ್ಲಿ ಕಿಟಕಿ ಮುಚ್ಚಿಕೊಂಡು ಕುಳಿತರು. ಇಲ್ಲಿನ ಹಳೆಯ ಮನೆಗಳಲ್ಲಿ ಹಲವಕ್ಕೆ ಏಸಿ ಇಲ್ಲ. ಸರೋವರದ ಗಾಳಿಯೇ ಏಸಿ ಎಂಬ ನಂಬಿಕೆಯಲ್ಲಿ ಕಟ್ಟಿದವು. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಸೆಕೆ. ಚೌಕ ಫ್ಯಾನಿಗೆ ಫಿಲ್ಟರ್ ಅಂಟಿಸಿ ಒಂದು ಕೋಣೆಯನ್ನು ಮಾತ್ರ ಶುದ್ಧವಾಗಿಟ್ಟುಕೊಂಡು, ಎಲ್ಲರೂ ಅಲ್ಲೇ ಮಲಗಿದರು.

ಸೆಪ್ಟೆಂಬರ್ ನಡುವಿಗೆ ಅಜ್ಜಿ ಬಂದರು. ಪೂರ್ವದಂಚಿನ ಹಾಕ್ ರಿಜ್ ಎಂಬ ದಿಬ್ಬದ ಮೇಲೆ ಆಗ ವಲಸೆ ಹದ್ದುಗಳ ಜಾತ್ರೆ. ಉತ್ತರದಿಂದ ಬರುವ ಗಿಡುಗ, ಹದ್ದುಗಳು ದೊಡ್ಡ ನೀರಿನ ಮೇಲೆ ಹಾರಲು ಇಷ್ಟಪಡದೆ ದಂಡೆ ಹಿಡಿದು ಸಾಗುತ್ತವೆ, ಹೀಗಾಗಿ ಎಲ್ಲವೂ ಈ ಊರಿನ ಮೇಲೆಯೇ ಹಾದುಹೋಗಬೇಕು. ಒಳ್ಳೆಯ ದಿನ ಸಾವಿರಾರು. ಬೈನಾಕ್ಯುಲರ್ ಹಿಡಿದವರ ಸಾಲಿನಲ್ಲಿ ಅಜ್ಜಿ ಮೊದಲ ಹಕ್ಕಿಗೆ ಗರುಡ ಎಂದು ಕೈಮುಗಿದರು, ಎರಡನೆಯದಕ್ಕೂ ಮುಗಿದರು. ನಲವತ್ತು ದಾಟಿದ ಮೇಲೆ ಕೈ ಇಳಿಸಿ ನಕ್ಕರು.

ಚಳಿಗಾಲಕ್ಕೆ ಈ ಸಲ ಎಲ್ಲ ತಯಾರಿಯೂ ಆಗಿತ್ತು. ಉಣ್ಣೆ ಬಂದಿತ್ತು, ಮಗುವನ್ನು ಚೆಸ್ಟರ್ ಬೌಲ್ ಎಂಬ ಪುಟ್ಟ ಗುಡ್ಡದ ಸ್ಕೀ ತರಗತಿಗೆ ಹಾಕಿದ್ದರು, ಗಂಡ ಹೆಂಡತಿ ಕಾಡುದಾರಿಯಲ್ಲಿ ಸಾಗುವ ಕ್ರಾಸ್ ಕಂಟ್ರಿ ಸ್ಕೀ ಕೊಂಡು ಪಾಸ್ ಕೂಡ ಮಾಡಿಸಿದ್ದರು. ಹಿಮ ಮಾತ್ರ ಬರಲಿಲ್ಲ. 2023-24 ಮಿನ್ನೆಸೋಟಾದ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ. ಜನವರಿ ಕೊನೆಯಲ್ಲಿ ನಡೆಯಬೇಕಿದ್ದ ಜಾನ್ ಬೇರ್‌ಗ್ರೀಸ್ ನಾಯಿಬಂಡಿ ಓಟವನ್ನು ಹಿಮವಿಲ್ಲದೆ ರದ್ದು ಮಾಡಿದರು. ಪಕ್ಕದ ವಿಸ್ಕಾನ್ಸಿನ್‌ನ ಹೆಸರಾಂತ ಬಿರ್ಕೆಬೈನರ್ ಸ್ಕೀ ಓಟ ಯಂತ್ರದ ಹಿಮ ಹಾಸಿದ ಹತ್ತು ಕಿಲೋಮೀಟರ್ ಸುತ್ತಿನಲ್ಲಿ ನಡೆಯಿತು. ಡುಲೂತ್‌ನಲ್ಲಿಯೂ ಕಾಡಿನ ಸ್ಕೀ ದಾರಿಗಳು ಎಲೆಗಸ ಹೊದ್ದು ಬಿದ್ದಿದ್ದವು. ಯಂತ್ರದಿಂದ ಹಿಮ ಮಾಡಿ, ದೀಪ ಹಾಕಿದ ಗ್ರ್ಯಾಂಡ್ ಅವೆನ್ಯೂ ನಾರ್ಡಿಕ್ ಸೆಂಟರ್‌ನ 3.3 ಕಿಲೋಮೀಟರ್ ಸುತ್ತಿನಲ್ಲಿ ಊರಿನ ಸ್ಕೀ ಪ್ರಿಯರೆಲ್ಲ ಗಾಣದ ಎತ್ತಿನಂತೆ ಸುತ್ತುತ್ತಿದ್ದರು. ನನ್ನ ಪರಿಚಯದ, ಇಲ್ಲೇ ಹುಟ್ಟಿ ಬೆಳೆದ ಇಬ್ಬರು ಆ ವರ್ಷ ಮಂಕಾಗಿ ಮನೆ ಹಿಡಿದರು. ಹಿಮವನ್ನೇ ನೆಚ್ಚಿದ್ದ ಅವರಿಗೆ ಹೊರಗೆ ಹೋಗಲು ಬೇರೆ ಕಾರಣವೇ ಇರಲಿಲ್ಲ.

ಅಜ್ಜಿ ಮೂರು ಗಂಟೆಗೆ ‘ಮುಳ್ಳು’ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು. ಹಿಮವಿಲ್ಲದಿದ್ದರೂ ಕರಗಿ ಹೆಪ್ಪುಗಟ್ಟುವ ಮಂಜುಗಡ್ಡೆ ಇದ್ದೇ ಇತ್ತು, ಬರಿ ಗಡ್ಡೆ ಹಿಮಕ್ಕಿಂತ ಅಪಾಯ. ಮೈನಸ್ ಇಪ್ಪತ್ತಕ್ಕಿಳಿದ ಜನವರಿಯ ಕೆಲವು ದಿನಗಳಲ್ಲೂ ಹೋದರು. ಶಾಲೆಯ ಗೇಟಿನಲ್ಲಿ ಕಾಯುವ ಬೇರೆ ಅಜ್ಜ ಅಜ್ಜಿಯರ ಪರಿಚಯವಾಯಿತು. ಮರಳುವಾಗ ಮೊಮ್ಮಗ ತೊರೆಯ ಬದಿಯ ಮಂಜುಗಡ್ಡೆ ಒದೆಯಲು ನಿಲ್ಲುತ್ತಾನೆ, ಎಂಟು ನಿಮಿಷದ ದಾರಿ ನಲವತ್ತು ನಿಮಿಷವಾಗುತ್ತದೆ.

ನಾನು ಕಂಡುಕೊಂಡದ್ದು

ಈಗ ಹೊಸಬರು ಫೋನ್ ಮಾಡಿದಾಗ ಜಾಕೆಟ್‌ನ ಮಾತು ಕೊನೆಗೆ ಬರುತ್ತದೆ. ಮೊದಲು ಕೇಳುವುದು: ಮನೆಯಲ್ಲಿ ಹಗಲು ಯಾರು ಇರುತ್ತಾರೆ? ಅವರು ಬಾಗಿಲು ತೆರೆದು ಕಾರಿಲ್ಲದೆ ಎಲ್ಲಿಗೆ ಹೋಗಬಲ್ಲರು? ಊರು ವಾಸಯೋಗ್ಯವೋ ಅಲ್ಲವೋ ಎಂಬುದು ದುಡಿಯುವವರಿಗೆ ಒಂದು, ಮನೆಯಲ್ಲಿರುವವರಿಗೆ ಇನ್ನೊಂದು. ಡುಲೂತ್‌ನಲ್ಲಿ ನೂರಾರು ಕಿಲೋಮೀಟರ್ ಕಾಡುದಾರಿ ಇದೆ. 2014ರಲ್ಲಿ ಒಂದು ಪತ್ರಿಕೆಯ ಓದುಗರು ಹೊರಾಂಗಣ ಜೀವನಕ್ಕೆ ಇದೇ ಅತ್ಯುತ್ತಮ ಊರೆಂದು ಮತ ಹಾಕಿದ್ದರು. ಇಪ್ಪತ್ತೆರಡು ಮೆಟ್ಟಿಲಿನ ಮೇಲೆ ಕುಳಿತವರಿಗೆ ಅದರಲ್ಲಿ ಒಂದು ಮೀಟರ್ ಕೂಡ ಸಿಗುವುದಿಲ್ಲ.

ಎರಡನೆಯದು, ವಿಹಾರವನ್ನು ಸಾಹಸವಾಗಿ, ಶನಿವಾರದ ಖರ್ಚಾಗಿ ಆರಂಭಿಸಿದ್ದು ತಪ್ಪು. ಸ್ಕೀ ಗುಡ್ಡದ ಆ ದಿನ ಇಲ್ಲದಿದ್ದರೆ ಗಂಡನಿಗೆ ಈ ಊರಿನ ಬಗ್ಗೆ ಇಷ್ಟು ಕಹಿ ಇರುತ್ತಿರಲಿಲ್ಲವೇನೋ. ಹಾಗೆಂದು ನಾವು ಕಂಡುಕೊಂಡ ದಾರಿ ಎಲ್ಲರಿಗೂ ಒಗ್ಗುತ್ತದೆ ಎನ್ನಲಾರೆ. ಗಂಡನ ವಿಷಯದಲ್ಲಿ ನಾವು ಸೋತಿದ್ದೇವೆ, ಇದನ್ನು ಮುಚ್ಚಿಡುವುದಿಲ್ಲ. ಅವರು ಇಂದಿಗೂ ಗುದ್ದಲಿ ಹಿಡಿದಾಗ ಮಾತ್ರ ಹೊರಗೆ ಕಾಣುತ್ತಾರೆ. ಹೊಸ ಸ್ಕೀಗಳು ನೆಲಮಾಳಿಗೆಯಲ್ಲಿ, ಟ್ರೆಡ್‌ಮಿಲ್‌ಗೆ ಒರಗಿವೆ.

ಇನ್ನು ‘ಆಶ್ರಯ’ ಎಂಬ ಮಾತು. 2012ರ ಜೂನ್ 19 ಮತ್ತು 20ರಂದು ನಾನು ಇಲ್ಲಿದ್ದೆ. ಕೆಲವು ಕಡೆ ಹತ್ತು ಇಂಚಿನವರೆಗೆ ಮಳೆ ಸುರಿದು, ಗುಡ್ಡದಿಂದ ಇಳಿಯುವ ನಲವತ್ತಕ್ಕೂ ಹೆಚ್ಚು ತೊರೆಗಳು ರಸ್ತೆಗಳನ್ನು ಬಗೆದು ಹಾಕಿದವು. ಮೃಗಾಲಯದ ಹಲವು ಪ್ರಾಣಿಗಳು ಸತ್ತವು, ಒಂದು ಸೀಲ್ ಈಜಿಕೊಂಡು ಬೀದಿಗೆ ಬಂದಿತ್ತು. 2018ರ ಅಕ್ಟೋಬರ್‌ನಲ್ಲಿ ಸರೋವರದ ಅಲೆಗಳು ದಂಡೆಯ ನಡಿಗೆ ದಾರಿಯನ್ನೇ ಕಿತ್ತೆಸೆದವು. ಟೆಕ್ಸಾಸ್‌ಗಿಂತ ಇಲ್ಲಿ ತಂಪು ಎಂಬುದು ನಿಜ, ಸುರಕ್ಷಿತ ಎಂಬುದು ಯಾವ ಬೀದಿ ಎಂಬುದರ ಮೇಲೆ ನಿಂತಿದೆ. ಹೆಂಡತಿ ಈಗ ಮನೆ ಕೊಳ್ಳುವ ಯೋಚನೆಯಲ್ಲಿದ್ದಾರೆ. ಮೊದಲು ಮೆಚ್ಚಿದ ಮನೆಯ ಹಿತ್ತಿಲಲ್ಲೇ ತೊರೆ. 2012ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಪಕ್ಕದ ಮನೆಯವರನ್ನು ಕೇಳಿಕೊಂಡು ಬನ್ನಿ ಎಂದೆ. ಕೇಳಿ ಬಂದರು, ಆ ಮನೆ ಬೇಡ ಎಂದಿದ್ದಾರೆ.

2024ರ ಮಾರ್ಚ್ ಮಧ್ಯದಲ್ಲಿ ಅಜ್ಜಿ ಊರಿಗೆ ಹೋದರು. ‘ಮುಳ್ಳು’ ಇಲ್ಲೇ ಬಿಟ್ಟು ಹೋದರು, ಮೊಮ್ಮಗನ ಕಾಲಿಗೆ ಇನ್ನೆರಡು ವರ್ಷದಲ್ಲಿ ಸರಿಹೋಗುತ್ತದೆ ಎಂದು. ಅವರು ಹೋದ ಮೇಲೆ, ಚಳಿಗಾಲವಿಡೀ ಮುಖ ತೋರಿಸದಿದ್ದ ಹಿಮ ತಿಂಗಳ ಕೊನೆಯಲ್ಲಿ ಬಿತ್ತು. ಹುಡುಗ ವಿಡಿಯೊ ಕರೆ ಮಾಡಿ, ಬಾಗಿಲು ತೆರೆದು, ಬೆಳ್ಳಗಾದ ಬೀದಿಯನ್ನು ಅಜ್ಜಿಗೆ ತೋರಿಸಿದ. ಅಲ್ಲಿ ರಾತ್ರಿಯಾಗಿತ್ತು. ಅವರು ಹಿಮವನ್ನು ಅರೆಕ್ಷಣ ನೋಡಿ ಕೇಳಿದರು: ‘ಇವತ್ತು ನಿನ್ನನ್ನು ಕರೆತರಲು ಯಾರು ಬಂದರು?’